ಎತ್ತಿಗೆ ತಕ್ಕ ನೊಗವೋ, ನೊಗಕ್ಕೆ ತಕ್ಕ ಎತ್ತೋ?



ಮುಂಗಾರಿನ ಹದಮಳೆ ಬಿದ್ದು ಒಂದು ವಾರ ಕಳೆದ ಮೇಲೆ, ನಿಮ್ಮೂರ ಎತ್ತುಗಳು ಸಂಜೆ ನೀರಿನ ತೊಟ್ಟಿಯ ಬಳಿ ಸೇರಿದಾಗ, ಒಮ್ಮೆ ಅವುಗಳ ಹೆಗಲುಗಳನ್ನು ನೋಡಿರಿ. ಕೆಲವು ಎತ್ತುಗಳ ಹೆಗಲು ನುಣುಪಾಗಿ, ಗಟ್ಟಿಯಾಗಿ ಇರುತ್ತದೆ. ಕೆಲವುಗಳ ಹೆಗಲಿನಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿರುತ್ತದೆ. ಒಂದೆರಡರ ಹೆಗಲಿನಲ್ಲಿ ತೆಂಗಿನಕಾಯಿ ಗಾತ್ರದ ಬಾವು ಎದ್ದು, ಅದರ ಸುತ್ತ ನೊಣ ಮುತ್ತಿರುತ್ತವೆ. "ದುಡಿಯುವ ಎತ್ತಿಗೆ ಹೆಗಲು ಹುಣ್ಣಾಗುವುದು ಸಹಜ" ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಈ ಮಾತು ಸರಿಯಲ್ಲ ಎಂಬುದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ. ಅದೇ ಊರಿನಲ್ಲಿ, ಅದೇ ಮಣ್ಣಿನಲ್ಲಿ, ಅಷ್ಟೇ ದುಡಿದ ಬೇರೊಂದು ಎತ್ತಿಗೆ ಹುಣ್ಣಾಗಿಲ್ಲ ಎಂದ ಮೇಲೆ ತಪ್ಪು ದುಡಿಮೆಯದಲ್ಲ. ಬಹುಪಾಲು ಸಂದರ್ಭಗಳಲ್ಲಿ ಆ ತಪ್ಪು ನೊಗದ್ದು.

ಒಂದು ಮನೆಯ ಕಥೆ

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ತುಮಕೂರು ಜಿಲ್ಲೆಯ ನಮ್ಮ ಮನೆಯಲ್ಲಿ ಒಂದು ಜೋಡಿ ಹಳ್ಳಿಕಾರ್ ಎತ್ತುಗಳಿದ್ದವು. ನಾನು ಪ್ರೌಢಶಾಲೆಯಲ್ಲಿದ್ದಾಗ ಅವುಗಳಲ್ಲಿ ಒಂದು ಹಾವು ಕಚ್ಚಿ ಸತ್ತಿತು. ನಮ್ಮ ತಂದೆಯವರು ಸಾಲ ಮಾಡಿ ಜಾತ್ರೆಯಿಂದ ಇನ್ನೊಂದನ್ನು ತಂದರು. ಒಳ್ಳೆಯ ಎತ್ತು, ನಡಿಗೆ ಚುರುಕು, ಆದರೆ ಮೊದಲಿನದಕ್ಕಿಂತ ನಾಲ್ಕು ಬೆರಳು ಗಿಡ್ಡ. ಹಳೆಯ ನೊಗವನ್ನೇ ಹೂಡಿದೆವು. ಮೂರನೆಯ ದಿನ ಹೊಸ ಎತ್ತಿನ ಹೆಗಲು ಊದಿಕೊಂಡಿತು, ಐದನೆಯ ದಿನ ಅದು ನೊಗ ಕಂಡರೆ ಹಿಂದೆ ಸರಿಯತೊಡಗಿತು. ರಾಗಿ ಬಿತ್ತನೆಗೆ ಹದವಾಗಿದ್ದ ಹೊಲ ಒಣಗಿತು. ಬಾಡಿಗೆಗೆ ಬೇರೆಯವರ ಜೋಡಿ ಸಿಗುವ ಹೊತ್ತಿಗೆ ಮೇಲ್ಮಣ್ಣಿನಲ್ಲಿ ತೇವ ಉಳಿದಿರಲಿಲ್ಲ. ಆ ವರ್ಷ ಪೈರು ಅಲ್ಲಲ್ಲಿ ಮಾತ್ರ ಹುಟ್ಟಿತು. ಎತ್ತನ್ನು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಬೇಕಾಯಿತು.

ಊರಿನವರೆಲ್ಲ ಹೇಳಿದ್ದು ಒಂದೇ ಮಾತು: "ಎತ್ತಿನ ಸುಳಿ ಸರಿಯಿರಲಿಲ್ಲ." ನಮ್ಮ ತಂದೆಯವರೂ ಅದನ್ನೇ ನಂಬಿದರು. ನೊಗವನ್ನು ಯಾರೂ ತಿರುಗಿಸಿ ನೋಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಮರದ ತಪ್ಪಿಗೆ ನಾವು ಪ್ರಾಣಿಯ ಸುಳಿಯನ್ನು ದೂರಿದೆವು.

ಕುದುರೆಯ ಜೀನು ಕಲಿಸಿದ ಪಾಠ

ಹಲವು ವರ್ಷಗಳ ನಂತರ ತರಬೇತಿಗಾಗಿ ಅಮೆರಿಕದ ಪಶ್ಚಿಮ ಭಾಗಕ್ಕೆ ಹೋಗಿದ್ದಾಗ, ದನ ಕಾಯಲು ಕುದುರೆ ಬಳಸುವ ಒಂದು ಜಮೀನನ್ನು ನೋಡುವ ಅವಕಾಶ ದೊರೆಯಿತು. ಅಲ್ಲಿನ ಜೀನು ನಮ್ಮ ಜಟಕಾ ಕುದುರೆಯ ಜೀನಿನಂತಲ್ಲ. ಅದರೊಳಗೆ ಮರದ ಚೌಕಟ್ಟು ಇರುತ್ತದೆ. ಬೆನ್ನುಮೂಳೆಯ ಎಡಕ್ಕೊಂದು ಬಲಕ್ಕೊಂದು ಅಗಲವಾದ ಪಟ್ಟಿಗಳಿದ್ದು, ಸವಾರನ ಭಾರ ಅವುಗಳ ಮೂಲಕ ಬೆನ್ನಿನ ಸ್ನಾಯುಗಳ ಮೇಲೆ ಹರಡುತ್ತದೆ. ನಡುವೆ ಬಿಟ್ಟಿರುವ ತೆರವಿನಿಂದಾಗಿ ಮೂಳೆಗೆ ಏನೂ ತಾಗುವುದಿಲ್ಲ. ಆ ಮನೆಯಲ್ಲಿ ಒಂದು ಕುದುರೆಯ ಹೆಗಲು ಎತ್ತರವಾಗಿತ್ತು, ಬೆನ್ನು ತಗ್ಗಾಗಿತ್ತು. ಯಾವ ಜೀನೂ ಅದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಯಜಮಾನ ಕುದುರೆಯನ್ನು ಬೈಯಲಿಲ್ಲ. ಒಂದು ಬಗ್ಗುವ ಪಟ್ಟಿಯನ್ನು ಅದರ ಬೆನ್ನಿನ ಮೇಲೆ ಒತ್ತಿ, ಆ ಬಾಗನ್ನು ರಟ್ಟಿನ ಮೇಲೆ ಬರೆದುಕೊಂಡು, ಅದಕ್ಕೆ ಹೊಂದುವ ಚೌಕಟ್ಟನ್ನು ಹುಡುಕಿದ. ಸವಾರಿ ಮುಗಿದ ಮೇಲೆ ಜೀನು ಇಳಿಸಿ ಬೆವರಿನ ಗುರುತನ್ನು ನೋಡಿದ. ಸುತ್ತ ಬೆವರಿ ನಡುವೆ ಒಂದೇ ಕಡೆ ಒಣಗಿದ್ದರೆ ಅಲ್ಲಿ ಒತ್ತಡ ಹೆಚ್ಚಾಗಿದೆ ಎಂದು ತಿಳಿಯಬೇಕಂತೆ. ಬಹುಕಾಲ ಒತ್ತಡ ಬಿದ್ದ ಜಾಗದಲ್ಲಿ ಕೂದಲು ಬೆಳ್ಳಗೆ ಹುಟ್ಟುತ್ತದೆ ಎಂದೂ ತೋರಿಸಿದ.

ಅವನ ಒಂದು ಮಾತು ನನಗೆ ನಾಟಿತು. ಬಿಗಿಯಾದ ಜೀನಿನ ಕೆಳಗೆ ಇನ್ನೊಂದು ಕಂಬಳಿ ಹಾಸುವುದು, ಬಿಗಿಯಾದ ಬೂಟಿನೊಳಗೆ ಇನ್ನೊಂದು ಕಾಲುಚೀಲ ತೊಟ್ಟ ಹಾಗೆ. ನಾವು ಹುಣ್ಣಾದ ಹೆಗಲಿಗೆ ಗೋಣಿಚೀಲ ಸುತ್ತುತ್ತೇವಲ್ಲ, ಅದು ನನ್ನ ನೆನಪಿಗೆ ಬಂತು. ಅಲ್ಲಿ ಸವಾರಿ ಮಾಡುವವನು ಕುದುರೆಗೆ ಜೀನನ್ನು ಹೊಂದಿಸುತ್ತಾನೆ. ಇಲ್ಲಿ ಹೊಟ್ಟೆಪಾಡಿಗೆ ದುಡಿಸುವ ನಾವು ನೊಗಕ್ಕೆ ಎತ್ತನ್ನು ಹೊಂದಿಸುತ್ತೇವೆ.

ನೊಗದ ಕೆಳಗೆ ನಡೆಯುವುದೇನು?

ಎತ್ತು ತನ್ನ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ಎಳೆತವನ್ನು ಗಂಟೆಗಟ್ಟಲೆ ತಡೆದುಕೊಂಡು ಕೆಲಸ ಮಾಡಬಲ್ಲದು. 300 ಕಿ.ಗ್ರಾಂ. ತೂಗುವ ಒಂದೊಂದು ಎತ್ತು 30 ಕಿ.ಗ್ರಾಂ. ಎಳೆಯುತ್ತದೆ ಎನ್ನೋಣ. ಈ 30 ಕಿ.ಗ್ರಾಂ. ಒತ್ತಡವೆಲ್ಲ ಹಿಣಿಲಿನ ಮುಂದಿನ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ನೊಗದ ಬಾಗು 20 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ ಪೂರ್ತಿಯಾಗಿ ತಾಗಿದರೆ ಒಟ್ಟು 160 ಚದರ ಸೆಂ.ಮೀ. ಜಾಗ ಸಿಗುತ್ತದೆ. ಆಗ ಪ್ರತಿ ಚದರ ಸೆಂ.ಮೀ.ಗೆ ಬೀಳುವ ಒತ್ತಡ ಸುಮಾರು 190 ಗ್ರಾಂ. ಉರುಟಾದ ಮರ 3 ಸೆಂ.ಮೀ. ಅಗಲ ಮಾತ್ರ ತಾಗಿದರೆ ಅದೇ ಒತ್ತಡ 500 ಗ್ರಾಂ ಆಗುತ್ತದೆ. ನೊಗ ಓರೆಯಾಗಿ ಅಂಚು ಮಾತ್ರ ತಾಗಿದರೆ ಇನ್ನೂ ಹೆಚ್ಚು. ಎಳೆಯುವ ಭಾರ ಒಂದೇ ಆದರೂ ಚರ್ಮಕ್ಕೆ ಬೀಳುವ ಪೆಟ್ಟು ಎರಡರಷ್ಟು, ಮೂರರಷ್ಟು ಆಗುವುದು ಹೀಗೆ. ಇದರ ಮೇಲೆ ಮಳೆಯಲ್ಲಿ ನೆನೆದು ಮೆತ್ತಗಾದ ಚರ್ಮ, ನಡುವೆ ಸಿಕ್ಕಿದ ಮರಳು, ಬೇಸಗೆಯಲ್ಲಿ ಕೆಲಸವಿಲ್ಲದೆ ಮೃದುವಾದ ಹೆಗಲು ಸೇರಿದರೆ ಹುಣ್ಣು ಬಾರದಿದ್ದರೇ ಆಶ್ಚರ್ಯ.

ಹೊಂದಿಸಲು ಕಷ್ಟವಾದ ಎತ್ತುಗಳು

ನಮ್ಮ ರಾಜ್ಯದ ಎತ್ತುಗಳೆಲ್ಲ ಒಂದೇ ಅಚ್ಚಿನವಲ್ಲ. ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ಕಣಿವೆ, ದೇವಣಿ, ಮಲೆನಾಡು ಗಿಡ್ಡ, ಹೀಗೆ ಒಂದೊಂದರ ಎತ್ತರ ಒಂದೊಂದು, ಕತ್ತಿನ ದಪ್ಪ ಒಂದೊಂದು. ಖಿಲಾರಿಗೆ ಮಾಡಿದ ನೊಗ ಮಲೆನಾಡು ಗಿಡ್ಡಕ್ಕೆ ಭಾರ. ಸಾಮಾನ್ಯವಾಗಿ ತೊಂದರೆ ಕೊಡುವ ಎತ್ತುಗಳು ನಾಲ್ಕು ಬಗೆಯವು.

1. ಎತ್ತರದಲ್ಲಿ ಹೊಂದದ ಜೋಡಿ: ನೊಗ ಗಿಡ್ಡ ಎತ್ತಿನ ಕಡೆಗೆ ಜಾರಿ, ಅಂಚು ಕತ್ತಿಗೆ ಕೊರೆಯುತ್ತದೆ. ಎತ್ತರದ ಎತ್ತಿನ ಕಡೆಯ ಬಾಗನ್ನು ಸ್ವಲ್ಪ ಆಳವಾಗಿ ಕೊರೆಸಿ, ಗಿಡ್ಡ ಎತ್ತಿನ ಕಡೆ ಕೆಳಗೆ ಬಾಗಿಸಿದ ಮರದ ತುಂಡನ್ನು ಸೇರಿಸಿದರೆ ನೊಗ ಮಟ್ಟಸವಾಗುತ್ತದೆ. ಮಣ್ಣು ಮಗುಚುವ ಕಬ್ಬಿಣದ ನೇಗಿಲಿನಲ್ಲಿ ಒಂದು ಎತ್ತು ಸಾಲಿನೊಳಗೆ ತಗ್ಗಿನಲ್ಲಿ ನಡೆಯಬೇಕಾಗುತ್ತದೆ. ಎತ್ತರದ ಎತ್ತನ್ನು ಆ ಕಡೆಗೆ ಕಟ್ಟಿರಿ. ವ್ಯತ್ಯಾಸ ನಾಲ್ಕು ಬೆರಳಿಗಿಂತ ಹೆಚ್ಚಾಗಿದ್ದರೆ ಜೋಡಿಯನ್ನೇ ಬದಲಿಸುವುದು ಮೇಲು.

2. ಕಸುವಿನಲ್ಲಿ ಹೊಂದದ ಜೋಡಿ: "ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು" ಎಂಬ ಗಾದೆ ನಿಮಗೆ ಗೊತ್ತು. ಈಸನ್ನು ಕಟ್ಟುವ ಜಾಗವನ್ನು ಬಲಶಾಲಿ ಎತ್ತಿನ ಕಡೆಗೆ ಸರಿಸಿ, ದುರ್ಬಲ ಎತ್ತಿಗೆ ನೊಗ ಉದ್ದ ಬಿಡುವ ರೂಢಿ ನಮ್ಮ ಹಿರಿಯರಲ್ಲಿತ್ತು. ಇದು ಶುದ್ಧ ಲೆಕ್ಕ. ಎರಡು ಹೆಗಲುಗಳ ನಡುವೆ 90 ಸೆಂ.ಮೀ. ಇದ್ದು, ಕಟ್ಟುವ ಜಾಗವನ್ನು ನಡುವಿನಿಂದ 5 ಸೆಂ.ಮೀ. ಸರಿಸಿದರೆ, 60 ಕಿ.ಗ್ರಾಂ. ಎಳೆತದಲ್ಲಿ ಬಲಶಾಲಿ ಎತ್ತಿಗೆ ಸುಮಾರು 33, ದುರ್ಬಲ ಎತ್ತಿಗೆ ಸುಮಾರು 27 ಕಿ.ಗ್ರಾಂ. ಬೀಳುತ್ತದೆ. ನೊಗದ ನಡುವೆ ಮೂರು ಕಡೆ ಕಚ್ಚು ಮಾಡಿಸಿಕೊಂಡರೆ ಸಾಕು.

3. ಹಿಣಿಲಿಲ್ಲದ ಮಿಶ್ರತಳಿ ಎತ್ತು: ನಮ್ಮ ನೊಗವೆಲ್ಲ ಹಿಣಿಲನ್ನೇ ನಂಬಿ ಹುಟ್ಟಿದ್ದು. ಹಿಣಿಲು ಚಿಕ್ಕದಾದ ಮಿಶ್ರತಳಿ ಎತ್ತಿನ ಮೇಲೆ ಅದು ಹಿಂದೆ ಜಾರುತ್ತದೆ. ಜಾರಬಾರದೆಂದು ಕೊರಳ ಕಣ್ಣಿಯನ್ನು ಬಿಗಿದರೆ ಎತ್ತಿಗೆ ಉಸಿರು ಕಟ್ಟುತ್ತದೆ. ಹಿಣಿಲಿಲ್ಲದ ದನಗಳಿರುವ ಸ್ಪೇನ್ ದೇಶದಲ್ಲಿ ನೊಗವನ್ನು ಕೊಂಬಿಗೆ ಕಟ್ಟುವ ಪದ್ಧತಿಯಿತ್ತು. ಜರ್ಮನಿಯಲ್ಲಿ ಕತ್ತಿನ ಸುತ್ತ ಮೆತ್ತೆಯಿಟ್ಟ ಕೊರಳಪಟ್ಟಿಯನ್ನು ಬಳಸುತ್ತಿದ್ದರು. ನಾವು ಮಿಶ್ರತಳಿಯನ್ನು ತಂದೆವು, ಅದಕ್ಕೆ ತಕ್ಕ ಕಟ್ಟುವ ಸಾಮಾನನ್ನು ತರಲಿಲ್ಲ. ಇಂಥ ಎತ್ತಿಗೆ ಬಾಗು ಅಗಲವಾಗಿಯೂ ಆಳವಾಗಿಯೂ ಇರಬೇಕು. ಎದೆಗೆ ಅಡ್ಡಲಾಗಿ ಅಗಲವಾದ ಪಟ್ಟಿ ಕಟ್ಟಿ ಎಳೆತವನ್ನು ಹಂಚಬೇಕು. ಬಿಸಿಲೇರುವ ಮೊದಲೇ ಕೆಲಸ ಮುಗಿಸಬೇಕು.

4. ಹೊಸದಾಗಿ ಪಳಗಿಸುವ ಹೋರಿ: ಇದರ ಚರ್ಮ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೊದಲು ಬರಿಯ ನೊಗ, ನಂತರ ಹಗುರವಾದ ಕೊರಡು, ಆಮೇಲೆ ಕುಂಟೆ ಎಂಬ ಕ್ರಮದಲ್ಲಿ, ಅರ್ಧ ಗಂಟೆಯಿಂದ ಆರಂಭಿಸಿ ದಿನದಿನಕ್ಕೆ ಹೆಚ್ಚಿಸಿರಿ. ಬೇಸಗೆ ರಜೆ ಮುಗಿಸಿದ ಹಳೆಯ ಎತ್ತಿಗೂ ಮೊದಲ ವಾರ ಇದೇ ಕ್ರಮ ಒಳ್ಳೆಯದು. ಬೇಸಗೆಯಲ್ಲಿ ಬಡಕಲಾದ ಎತ್ತಿನ ಕತ್ತಿನ ಆಕಾರವೇ ಬದಲಾಗಿರುತ್ತದೆ ಎಂಬುದು ನೆನಪಿರಲಿ.

ಅಳೆಯುವುದು ಹೇಗೆ?

ಇದಕ್ಕೆ ಯಾವ ಯಂತ್ರವೂ ಬೇಡ. ಒಂದು ಮೊಳಕ್ಕಿಂತ ಸ್ವಲ್ಪ ಉದ್ದದ, ಬಗ್ಗಿಸಿದರೆ ಬಗ್ಗಿದಂತೆಯೇ ನಿಲ್ಲುವ ದಪ್ಪ ವಿದ್ಯುತ್ ತಂತಿ ಸಾಕು. ಎತ್ತು ಮಟ್ಟವಾದ ನೆಲದ ಮೇಲೆ, ಕೆಲಸ ಮಾಡುವಾಗ ತಲೆ ಹಿಡಿಯುವಂತೆಯೇ ಹಿಡಿದು ನಿಂತಿರಲಿ. ಹಿಣಿಲಿನ ಮುಂದೆ ನೊಗ ಕೂರುವ ಜಾಗದಲ್ಲಿ ತಂತಿಯನ್ನು ಕತ್ತಿನ ಮೇಲೆ ಮೆಲ್ಲಗೆ ಒತ್ತಿ ಅದೇ ಆಕಾರಕ್ಕೆ ಬಗ್ಗಿಸಿರಿ. ಕದಲದಂತೆ ತೆಗೆದು ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿರಿ. ಎತ್ತಿನ ಹೆಸರು ಬರೆದು ರಟ್ಟನ್ನು ಆಚಾರಿಗೆ ಕೊಡಿರಿ. ಬಾಗಿನ ಅಂಚುಗಳನ್ನೆಲ್ಲ ಉರುಟು ಮಾಡಿ, ನುಣ್ಣಗೆ ತೀಡಿ, ಎಣ್ಣೆ ಸವರಲು ಹೇಳಿರಿ. ಮರ ಗಂಟಿಲ್ಲದ್ದು, ಸೀಳದ್ದು, ಆದಷ್ಟು ಹಗುರವಾದದ್ದು ಆಗಿರಲಿ. ಯಾವ ಮರ ಎಂಬುದನ್ನು ನಿಮ್ಮ ಸೀಮೆಯ ಆಚಾರಿ ನನಗಿಂತ ಚೆನ್ನಾಗಿ ಬಲ್ಲ.

ಹಳೆಯ ನೊಗವನ್ನು ಪರೀಕ್ಷಿಸಲು ಇನ್ನೊಂದು ಉಪಾಯವಿದೆ. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಬಾಗಿನ ಒಳಮೈಗೆ ತೆಳ್ಳಗೆ ಬಳಿದು ನೊಗ ಹೂಡಿ, ಹತ್ತು ಹೆಜ್ಜೆ ನಡೆಸಿ ಇಳಿಸಿರಿ. ಹೆಗಲಿನ ಮೇಲೆ ಬಣ್ಣ ಅಗಲವಾಗಿ ಸಮನಾಗಿ ಹತ್ತಿದ್ದರೆ ನೊಗ ಸರಿಯಾಗಿದೆ. ಒಂದೆರಡು ಕಡೆ ಮಾತ್ರ ಗಾಢವಾಗಿ ಹತ್ತಿದ್ದರೆ ಮರದಲ್ಲಿ ಆ ಜಾಗವನ್ನು ತೀಡಿಸಬೇಕು. ಪರೀಕ್ಷೆ ಮುಗಿದ ಮೇಲೆ ಹೆಗಲನ್ನು ತೊಳೆಯಲು ಮರೆಯಬೇಡಿರಿ.

ಗೋಣಿ, ಹಳೆಯ ಬಟ್ಟೆ, ಟಯರಿನ ರಬ್ಬರು ಸುತ್ತುವ ವಾಡಿಕೆಯನ್ನು ಬಿಡುವುದು ಒಳ್ಳೆಯದು. ಗೋಣಿ ಮಳೆನೀರನ್ನೂ ಮರಳನ್ನೂ ಹಿಡಿದಿಟ್ಟುಕೊಂಡು ಮಡಿಕೆ ಬೀಳುತ್ತದೆ. ರಬ್ಬರು ಬೆವರನ್ನು ಆರಗೊಡುವುದಿಲ್ಲ. ಆಕಾರ ಸರಿಯಿದ್ದರೆ ಮೆತ್ತೆ ಬೇಕಾಗಿಲ್ಲ, ಆಕಾರ ತಪ್ಪಿದ್ದರೆ ಮೆತ್ತೆಯಿಂದ ಪ್ರಯೋಜನವಿಲ್ಲ.

ನಮ್ಮ ಪಾಲಿನ ತಪ್ಪು

ಇಲ್ಲಿ ಬೇಸಾಯ ಶಾಸ್ತ್ರಜ್ಞನಾಗಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಬೆಳೆಗಳ ಸಾಲಿನ ಅಂತರವನ್ನು ಬದಲಿಸಿರಿ ಎಂದು ನಾವು ನಿಮಗೆ ಸಲಹೆ ನೀಡುತ್ತ ಬಂದೆವು. ಆದರೆ ನೊಗವನ್ನೂ ಬದಲಿಸಿರಿ ಎಂದು ಹೇಳಲಿಲ್ಲ. ಒಂದೇ ಎಡೆಕುಂಟೆ ನಡುವಿನ ಸಾಲಿನಲ್ಲಿ ಹೋಗುವಾಗ ಎತ್ತುಗಳು ಅದರ ಅಕ್ಕಪಕ್ಕದ ಸಾಲುಗಳಲ್ಲಿ ನಡೆಯುತ್ತವೆ. ಸಾಲಿನ ಅಂತರ 45 ಸೆಂ.ಮೀ. ಇದ್ದರೆ ಎರಡು ಹೆಗಲುಗಳ ನಡುವೆ 90 ಸೆಂ.ಮೀ. ಬೇಕು, 60 ಸೆಂ.ಮೀ. ಇದ್ದರೆ 120 ಸೆಂ.ಮೀ. ಬೇಕು. ಸಾಲನ್ನು ಅಗಲಿಸಿ ನೊಗವನ್ನು ಗಿಡ್ಡವಾಗಿಯೇ ಉಳಿಸಿದರೆ, ಪೈರು ತುಳಿಯದಂತೆ ಎತ್ತುಗಳು ಹೊರಗೆ ಹೊರಗೆ ವಾಲುತ್ತ, ನೊಗದ ಗೂಟಕ್ಕೆ ಕತ್ತನ್ನು ಉಜ್ಜುತ್ತ ನಡೆಯಬೇಕಾಗುತ್ತದೆ. ನಮ್ಮ ಶಿಫಾರಸಿನ ಬೆಲೆಯನ್ನು ಎತ್ತು ತನ್ನ ಚರ್ಮದಿಂದ ತೆತ್ತಿತು. ಉಳುಮೆಗೊಂದು, ಎಡೆ ಹೊಡೆಯಲು ಒಂದು ನೊಗ ಇರುವುದು ಆಡಂಬರವಲ್ಲ, ಅವಶ್ಯಕತೆ.

ಗಾಡಿಯ ವಿಷಯದಲ್ಲೂ ಒಂದು ಮಾತು. ಎರಡು ಚಕ್ರದ ಗಾಡಿಗೆ ಮುಂದೆ ಹೆಚ್ಚು ಹೇರಿದರೆ ಭಾರವೆಲ್ಲ ಹೆಗಲಿನ ಮೇಲೆ ಕೂರುತ್ತದೆ. ಹಿಂದೆ ಹೆಚ್ಚು ಹೇರಿದರೆ ನೊಗ ಮೇಲೆದ್ದು ಕಣ್ಣಿ ಕೊರಳನ್ನು ಹಿಸುಕುತ್ತದೆ. ಹೇರಿದ ಮೇಲೆ ಮೂಕಿಯನ್ನು ಒಬ್ಬನೇ ಕೈಯಲ್ಲಿ ಎತ್ತಿ ಹಿಡಿಯುವಂತಿರಬೇಕು, ಆದರೆ ಅದು ತಾನಾಗಿ ಮೇಲೇಳಬಾರದು. ಇಳಿಜಾರಿನಲ್ಲಿ ತಡೆಯಿಲ್ಲದ ಗಾಡಿ ಪೂರ್ತಿ ಕತ್ತಿನ ಮೇಲೆಯೇ ನುಗ್ಗುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಗಾಡಿಯ ಮತ್ತು ನೊಗದ ಸುಧಾರಣೆಗಾಗಿ ದಶಕಗಳ ಕಾಲ ವಾದಿಸಿದರು. ಆ ಮಾತು ಹಳ್ಳಿಯ ಆಚಾರಿಯ ಉಳಿಯವರೆಗೆ ತಲುಪಲಿಲ್ಲ ಎಂಬುದು ನಮ್ಮ ವಿಸ್ತರಣಾ ಕಾರ್ಯದ ಕೊರತೆ.

ಹುಣ್ಣಾದ ಮೇಲೆ

ನಾನು ಪಶುವೈದ್ಯನಲ್ಲ. ಆದರೂ ಇಷ್ಟನ್ನು ಹೇಳಬಲ್ಲೆ. ಬಾವು ಕಾಣಿಸಿದ ದಿನವೇ ನೊಗ ಇಳಿಸಿರಿ. ಮೊದಲ ದಿನ ತಣ್ಣೀರಿನ ಪಟ್ಟಿ ಹಾಕಿ ವಿಶ್ರಾಂತಿ ಕೊಟ್ಟರೆ ಎಷ್ಟೋ ಬಾವುಗಳು ಇಳಿಯುತ್ತವೆ. ಅದೇ ಹೆಗಲಿಗೆ ಮತ್ತೆ ನೊಗ ಹೂಡಿದರೆ ಬಾವು ಗಟ್ಟಿಯಾಗಿ ಗಡ್ಡೆ ಕಟ್ಟುತ್ತದೆ, ಕೊನೆಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಬರೆ ಹಾಕುವುದು, ಮನೆಯ ಬ್ಲೇಡಿನಿಂದ ಕೊಯ್ಯುವುದು ಖಂಡಿತ ಕೂಡದು. ವಿಶ್ರಾಂತಿ ಕೊಟ್ಟರೂ ವಾಸಿಯಾಗದೆ ರಸಿ ಸೋರುವ ಹುಣ್ಣು ನೊಣಗಳಿಂದ ಹರಡುವ ಸಣ್ಣ ಹುಳುವಿನಿಂದಲೂ ಬಂದಿರಬಹುದು. ಅದನ್ನು ಪಶುವೈದ್ಯರಿಗೆ ತೋರಿಸಲೇಬೇಕು.

ಕಾನೂನು ಕೂಡ ಈ ಬಗ್ಗೆ ಮೌನವಾಗಿಲ್ಲ. ಹುಣ್ಣಾಗಿ ಕೆಲಸಕ್ಕೆ ತಕ್ಕುದಲ್ಲದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವುದನ್ನು ನಿಷೇಧಿಸುತ್ತವೆ. ಆದರೆ ಕಾನೂನಿಗೆ ಹೆದರಿ ನೊಗ ಸರಿಪಡಿಸಬೇಕಾದ ಸ್ಥಿತಿ ರೈತನಿಗೆ ಬಾರದಿರಲಿ.

"ಈಗ ಎತ್ತೆಲ್ಲಿದೆ?" ಎನ್ನುವವರಿಗೆ

ಟ್ರಾಕ್ಟರು ಬಂದ ಮೇಲೆ ಈ ಮಾತೇಕೆ ಎಂದು ಕೆಲವರು ಕೇಳಬಹುದು. ಆಳದ ಉಳುಮೆಯನ್ನು ಟ್ರಾಕ್ಟರು ವಹಿಸಿಕೊಂಡಿದೆ, ನಿಜ. ಆದರೆ ಎರಡು ಮೂರು ಎಕರೆಯ ಮಳೆಯಾಶ್ರಿತ ಹೊಲದಲ್ಲಿ ಕೂರಿಗೆ ಹಿಡಿದು ಬಿತ್ತಲು, ಮೊಳಕಾಲುದ್ದ ಬೆಳೆದ ಪೈರಿನ ನಡುವೆ ಎಡೆ ಹೊಡೆಯಲು ಇಂದಿಗೂ ಎತ್ತೇ ಆಸರೆಯಾಗಿರುವ ಮನೆಗಳು ಬಹಳವಿವೆ. ಎತ್ತುಗಳು ಕಡಿಮೆಯಾದಷ್ಟೂ ಉಳಿದ ಜೋಡಿಯ ಮೇಲೆ ಹೊರೆ ಹೆಚ್ಚು. ಸತ್ತ ಎತ್ತಿಗೆ ಸರಿಜೋಡಿ ಹುಡುಕುವುದೂ ಕಷ್ಟ. ಆದ್ದರಿಂದ ಹೊಂದದ ಜೋಡಿಗಳು ಇಂದು ಹಿಂದಿಗಿಂತ ಹೆಚ್ಚು ಸಿಗುತ್ತವೆ. ಒಬ್ಬ ಸಣ್ಣ ರೈತನಿಗೆ ಹದಮಳೆಯ ಮೂರು ದಿನಗಳಲ್ಲಿ ಎತ್ತು ನಿಂತಿತೆಂದರೆ ಹೋಗುವುದು ಆ ವರ್ಷದ ಅನ್ನ.

ಖರ್ಚಿನ ಮಾತೂ ಬರಬಹುದು. ಹೊಸ ನೊಗದ ಖರ್ಚು ಒಂದು ಎತ್ತಿನ ಬೆಲೆಯ ಮುಂದೆ ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿರಿ. ನನ್ನ ಸಹೋದ್ಯೋಗಿಗಳಿಗೂ ಇಲಾಖೆಯವರಿಗೂ ನನ್ನದೊಂದು ಒತ್ತಾಯವಿದೆ. ಬಾಡಿಗೆಗೆ ಯಂತ್ರಗಳನ್ನು ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬೇರೆ ಬೇರೆ ಅಳತೆಯ ನಾಲ್ಕಾರು ನೊಗಗಳನ್ನೂ ಇಡಬಾರದೇಕೆ? ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಆಚಾರಿಗಳನ್ನು ಕರೆದು ತಂತಿ, ರಟ್ಟಿನ ಅಳತೆಯನ್ನು ತೋರಿಸಬಾರದೇಕೆ? ನಮ್ಮ ಕೃಷಿ ಮೇಳಗಳಲ್ಲಿ ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ಸಾಲಿನಲ್ಲಿ ಒಂದು ಒಳ್ಳೆಯ ನೊಗಕ್ಕೂ ಜಾಗವಿರಲಿ.

ಆದರೆ ನೀವು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಕಾರಹುಣ್ಣಿಮೆಯ ದಿನ ನಾವು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಪೂಜೆ ಮಾಡುತ್ತೇವೆ. ಈ ಸಲ ಹಬ್ಬಕ್ಕೆ ಒಂದು ವಾರ ಮೊದಲೇ ಅಟ್ಟದ ಮೇಲಿನ ನೊಗವನ್ನು ಇಳಿಸಿ, ತಿರುಗಿಸಿ, ಬಾಗಿನ ಮೇಲೆ ಕೈಯಾಡಿಸಿರಿ. ನಿಮ್ಮ ಅಂಗೈಗೆ ಚುಚ್ಚಿದ್ದು ಎತ್ತಿನ ಹೆಗಲಿಗೂ ಚುಚ್ಚುತ್ತದೆ. ನಮ್ಮ ತಂದೆಯವರು ಅಂದು ಇಷ್ಟನ್ನು ಮಾಡಿದ್ದರೆ, ಆ ಎತ್ತು ಇನ್ನೂ ಹತ್ತು ವರ್ಷ ನಮ್ಮ ಕೊಟ್ಟಿಗೆಯಲ್ಲಿ ಇರುತ್ತಿತ್ತೆಂದೇ ನನ್ನ ನಂಬಿಕೆ.